ಧೂಳಿನ ಮೀಟರಿಗೆ ಧೂಪ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು ಎದ್ದಿದ್ದೇನೆ. ಹೆಂಡತಿ ಇದ್ದಾಗ ಆಕೆಗಾದರೂ ಹೇಳಬಹುದಿತ್ತು, ಹೇಳಲಿಲ್ಲ. ಈಗ ವಯಸ್ಸಾಗಿದೆ. ಇನ್ನೂ ತಡ ಮಾಡಿದರೆ ಅಕ್ಷರ ಮೂಡಲಿಕ್ಕಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಹುನಗುಂದದಲ್ಲಿ ಮೆಟ್ರಿಕ್ ಮುಗಿಸಿದ್ದ ನಾನು ಇಳಕಲ್ಲಿನ ಹೊರಗೆ ಕೆಂಪು ಗ್ರಾನೈಟ್ ಕೊಯ್ಯುವ ಒಂದು ಶೆಡ್ಡಿನಲ್ಲಿ ಸೂಪರ್‌ವೈಜರ್ ಆಗಿದ್ದೆ. ಕೊಯ್ಯುವ ಗರಗಸಕ್ಕೆ ನೀರು ಬಿಡುತ್ತಿದ್ದರಿಂದ ಅಲ್ಲಿ ಧೂಳು ಅಷ್ಟಾಗಿ ಏಳುತ್ತಿರಲಿಲ್ಲ. ಅಂಚು ತಿಕ್ಕುವ ಗ್ರೈಂಡರುಗಳು ಮಾತ್ರ ಒಣ. ಆ ಮೂಲೆಯಲ್ಲಿ ದುಡಿಯುವವರ ಕಣ್ಣಿನ ರೆಪ್ಪೆ ಕೂಡ ಬೆಳ್ಳಗಿರುತ್ತಿತ್ತು. ನನಗೆ ಮಾತಿಗಿಂತ ಮೊದಲು ಕೈ ಏಳುತ್ತಿತ್ತು. ತಡವಾಗಿ ಬಂದವನ ಕಪಾಳಕ್ಕೆ ಬಾರಿಸುತ್ತಿದ್ದೆ, ಕಲ್ಲು ಒಡೆದವನನ್ನು ಒದೆಯುತ್ತಿದ್ದೆ. ಒಮ್ಮೆ ಒಬ್ಬನ ಹಲ್ಲು ಉದುರಿ ಬಿದ್ದಾಗ ಅದನ್ನು ಕಾಲಿನಿಂದ ಕಲ್ಲಿನ ಕೆಸರಿಗೆ ತಳ್ಳಿದ್ದೆ. ಮಾಲಕರಿಗೆ ಅಂಥ ಮನುಷ್ಯನೇ ಬೇಕಾಗಿದ್ದ.

ಒಣ ಗ್ರೈಂಡರು ಹಿಡಿದವರಲ್ಲಿ ನನ್ನ ಅಕ್ಕನ ಗಂಡನೂ ಒಬ್ಬ. ಬಾದಾಮಿ ಕಡೆಯಿಂದ ಕರೆತಂದು ಕೆಲಸಕ್ಕೆ ಹಚ್ಚಿದವನು ನಾನೇ. ಮನೆಯಲ್ಲಿ ಮಾವ ಎಂದು ಕರೆದು ಹಬ್ಬಕ್ಕೆ ಕಾಲು ಮುಟ್ಟುತ್ತಿದ್ದೆ, ಶೆಡ್ಡಿನಲ್ಲಿ ಅವನಿಗೂ 'ಲೇ' ಅನ್ನುತ್ತಿದ್ದೆ. ಅವನಿಗೆ ಕೆಮ್ಮು ಹತ್ತಿತ್ತು. ಧೂಳು ಹೊರಗೆಳೆಯುವ ಫ್ಯಾನು ಕೂಡಿಸಿರೆಂದು ಮಾಲಕರ ಮುಂದೆ ಹೋಗಿ ನಿಂತವನು ಅವನೊಬ್ಬನೇ. ಅವರು ಕೇಳದಿದ್ದಾಗ ಮೇಲಿನ ಸರಕಾರಿ ಕಚೇರಿಗೆ ಅವನ ಅರ್ಜಿ ಹೋಯಿತು, ಧೂಳು ಅಳೆಯಲು ಮೈಸೂರು ಕಡೆಯ ಒಬ್ಬ ಸಾಹೇಬರು ಬಂದರು. ಅಳತೆ ಹೆಚ್ಚು ಬಂದರೆ ಫ್ಯಾನು ಹಾಕಲೇಬೇಕು, ಅಲ್ಲಿಯತನಕ ಗ್ರೈಂಡರು ಬಂದ್.

ಸಾಹೇಬರ ಮೀಟರು ಊಟದ ಡಬ್ಬಿಯಷ್ಟಿತ್ತು. ಗಾಳಿ ಹೋಗಲು ಮುಂದೊಂದು ಬಾಯಿ, ಮೇಲೊಂದು ಮುಳ್ಳು. ಅದನ್ನು ಗ್ರೈಂಡರಿನ ಪಕ್ಕದ ಕಟ್ಟೆಯ ಮೇಲಿಟ್ಟು, "ಯಾರೂ ಮುಟ್ಟದ ಹಾಗೆ ನೋಡ್ಕೊಳಪ್ಪ" ಎಂದು ಮಾವನಿಗೆ ಹೇಳಿ ಮಾಲಕರ ಜೊತೆ ಚಹಾಕ್ಕೆ ಹೋದರು.

ಅಂದು ಅಮಾವಾಸ್ಯೆ. ಅಮಾವಾಸ್ಯೆಗೆ ಸ್ವಲ್ಪ ಹೊತ್ತು ಮಶಿನ್ ನಿಲ್ಲಿಸಿ, ಕಾಯಿ ಒಡೆದು, ಎಲ್ಲಕ್ಕೂ ಲೋಬಾನದ ಹೊಗೆ ತೋರಿಸುವುದು ನಮ್ಮ ಪದ್ಧತಿ. ಗರಗಸ, ಮೋಟರು, ಗ್ರೈಂಡರು ಎಲ್ಲ ಮುಗಿದವು. ಕಟ್ಟೆಯ ಮೇಲಿನ ಡಬ್ಬಿಯೂ ಮಶಿನ್ನೇ, ಅದೊಂದನ್ನು ಬಿಡಬಾರದು ಅನಿಸಿತು. ಅದಕ್ಕೆ ಕುಂಕುಮ ಹಚ್ಚಿ, ಬಾಯಿಯ ಮುಂದೆ ಧೂಪದ ಬಟ್ಟಲು ಸುತ್ತಿಸಿದೆ.

"ಸಾಹೇಬ್ರು ಮುಟ್ಟಬ್ಯಾಡ ಅಂದಾರ" ಅಂದ ಮಾವ.

"ಮುಟ್ಟಿಲ್ಲ, ಬೆಳಗೀನಿ. ನಿನ್ನ ಕೆಮ್ಮಿಗೂ ಬೆಳಗಲೇನು?" ಅಂದೆ. ಸುತ್ತಲಿನವರು ನಕ್ಕರು.

ಕಾಯಿಯ ಚೂರು ಹಂಚಿ ಬಂದು ನೋಡುತ್ತೇನೆ, ಮುಳ್ಳು ಕೊನೆಗೆ ಹೋಗಿ ನಿಂತಿದೆ. ಒಂದು ಗ್ರೈಂಡರೂ ತಿರುಗುತ್ತಿಲ್ಲ. ಮಾವನ ಕೈಗೆ ಎಂದಿನಂತೆ ಕಲ್ಲಿನ ಹಿಟ್ಟು ಮೆತ್ತಿತ್ತು.

"ಹಿಟ್ಟು ತೂರಿದಿ ಏನಲೇ ಒಳಗ?"

"ನಾ ಯಾಕ ತೂರ್ಲಿ. ನಿನ್ನ ಹೊಗೀನ ಹೊಕ್ಕೇತಿ ನೋಡು."

"ಫ್ಯಾನ್ ಬೇಕಲ್ಲ ನಿನಗ. ಗಾಳಿ ಹಾಕ್ತೇನಿ ತಡಿ."

ಗರಗಸಕ್ಕೆ ನೀರು ಬಿಡುವ ರಬ್ಬರ್ ಪೈಪು ಕೈಗೆ ಸಿಕ್ಕಿತು. ಅದರ ತುದಿಗೆ ಹಿತ್ತಾಳೆಯ ಮೂತಿ ಇತ್ತು. ಮೊದಲ ಏಟಿಗೆ ಅವನ ಕಿವಿ ಹರಿಯಿತು. ತಡೆಯಲು ಎತ್ತಿದ ಮುಂಗೈ ಎರಡನೆಯದಕ್ಕೆ ಮುರಿಯಿತು. ಸದ್ದು ನನಗೆ ಕೇಳಿಸಿತು, ಆದರೂ ನಿಲ್ಲಿಸಲಿಲ್ಲ. ಪಾಲಿಶ್ ಆದ ಕಲ್ಲಿನ ಮೇಲೆ ಬಿದ್ದವನ ಬೆನ್ನಿಗೆ, ಪಕ್ಕೆಗೆ ಹೊಡೆದೆ. ರಕ್ತ ಆ ನುಣುಪಿನ ಮೇಲೆ ನೀರಿನಂತೆ ಜಾರಿ ಹೋಯಿತು. ಯಾರೂ ನನ್ನ ಕೈ ಹಿಡಿಯಲಿಲ್ಲ. ನನಗಿಂತ ಗಟ್ಟಿಯಾಳು ಅವನು, ತಿರುಗಿ ಹೊಡೆಯಬಹುದಿತ್ತು.

"ಸಾಕ್ ಮಾಡು ತಮ್ಮಾ" ಅಂದ. "ಕಲ್ಲು ಜಾರಿ ಬಿತ್ತು ಅಂತ ನಿಮ್ಮಕ್ಕಗ ಹೇಳ್ತೇನಿ."

ಅವನನ್ನು ಹೊತ್ತುಕೊಂಡು ಹೋದರು. ಸಾಹೇಬರು ಬಂದು ಮೀಟರು ಎತ್ತಿ ಮೂಸಿದರು.

"ಲೋಬಾನ ಹಾಕಿದ್ರಾ ಇದಕ್ಕೆ?" ಎಂದು ನಕ್ಕರು. "ಒಳಗೊಂದು ದೀಪ ಇದೆಯಪ್ಪಾ. ಗಾಳಿಯಲ್ಲಿ ಏನೇ ತೇಲ್ತಿದ್ರೂ ಅದರ ಬೆಳಕು ಚೆದುರತ್ತೆ, ಅಷ್ಟನ್ನೇ ಇದು ನೋಡೋದು. ಕಲ್ಲಿನ ಧೂಳು, ಹೊಗೆ, ನೀರಿನ ತುಂತುರು ಎಲ್ಲಾ ಇದಕ್ಕೆ ಒಂದೇ. ಇವತ್ತು ಇದನ್ನ ನಂಬೋ ಹಾಗಿಲ್ಲ."

ಅವರ ಚೀಲದಲ್ಲಿ ಇನ್ನೊಂದು ಸಾಧನವಿತ್ತು. ಸೊಂಟಕ್ಕೆ ಕಟ್ಟುವ ಸಣ್ಣ ಪಂಪು, ಅದರಿಂದ ಅಂಗಿಯ ಕಾಲರಿನತನಕ ಒಂದು ನಳಿಗೆ, ನಳಿಗೆಯ ತುದಿಯಲ್ಲಿ ಗುಂಡನೆಯ ಸೋಸುಕಾಗದ. ಕೆಲಸಗಾರ ದಿನವಿಡೀ ಅದನ್ನು ತೊಟ್ಟು ದುಡಿದರೆ ಅವನು ಉಸಿರಾಡುವ ಧೂಳು ಕಾಗದಕ್ಕೆ ಕೂರುತ್ತದೆ, ಆಮೇಲೆ ತೂಗುತ್ತಾರೆ. ಹೊಗೆಯಿಂದ ಅದಕ್ಕೆ ಅಷ್ಟು ತೂಕ ಬರುವುದಿಲ್ಲವಂತೆ.

"ಒಣ ಗ್ರೈಂಡರಿನವನನ್ನ ಕರೀರಿ. ಅವನಿಗೇ ಕಟ್ಟಬೇಕು. ಆಗ್ಲೇ ಇಲ್ಲಿ ನಿಂತಿದ್ನಲ್ಲ?"

"ಅವನ ಮ್ಯಾಲ ಕಲ್ಲು ಜಾರಿತ್ರಿ, ಮನಿಗೆ ಕಳಿಸೀವಿ" ಎಂದು, ನೀರಿನ ಗರಗಸದವನನ್ನು ಮುಂದೆ ತಳ್ಳಿದೆ.

"ಇವನೂ ಅದೇ ಕೆಲಸದವನಾ?"

"ಹೌದ್ರಿ."

ಮಾಲಕರು ಬೇರೆ ಕಡೆ ನೋಡಿದರು. ಗರಗಸದವನು ನನ್ನ ಕೈಯಲ್ಲಿನ್ನೂ ಇದ್ದ ಪೈಪು ನೋಡಿ ಪಂಪಿಗೆ ಸೊಂಟ ಒಡ್ಡಿದ. ಆ ದಿನವೆಲ್ಲ ಅವನು ನೀರು ಚಿಮ್ಮುವ ಕಡೆ ಪಂಪು ಕಟ್ಟಿಕೊಂಡು ನಿಂತ. ಕಾಗದದ ತೂಕ ಕಡಿಮೆ ಬಂತು. ಫ್ಯಾನು ಬರಲಿಲ್ಲ. ಮುರಿದ ಕೈ ಕೂಡಿದ ಮೇಲೆ ಮಾವ ಅದೇ ಮೂಲೆಗೆ ಮರಳಿ ಬಂದ. ಬೇರೆ ಕೆಲಸ ಕೇಳಿದ, ನಾನು ಕೊಡಲಿಲ್ಲ.

ಕೆಲ ವರ್ಷಗಳ ನಂತರ ಬಾಗಲಕೋಟೆಯ ದವಾಖಾನೆಯಲ್ಲಿ ಅವನು ಕೂತೇ ಉಸಿರಾಡುತ್ತಿದ್ದ, ಮಲಗಿದರೆ ಉಸಿರು ಹಿಡಿಯುತ್ತಿತ್ತು. ಅಕ್ಕ ಗಂಜಿ ತರಲು ಹೊರಗೆ ಹೋದಾಗ ಅವನ ಕಾಲು ಹಿಡಿದೆ.

"ತಪ್ಪಾತು ಮಾವಾ."

ಏದುಸಿರಿನ ನಡುವೆಯೇ ಅವನು ಅಂದ, "ಹೊಡದದ್ದು ಹೋಗ್ಲಿ ಬಿಡೋ. ಕೈ ಮುರದಿದ್ರೂ ನಿಂದರ್ತಿದ್ದೆ. ಆ ಪಂಪು ನನಗ ಕಟ್ಟಬೇಕಾಗಿತ್ತು."

ಮಾವನಿಗೆ ಮಣ್ಣು ಕೊಟ್ಟು ಬಂದ ಮೇಲೆ ಅಕ್ಕ ಬಾದಾಮಿಗೆ ಮರಳಿದಳು. ಕಲ್ಲು ಜಾರಿತೆಂಬ ಮಾತನ್ನು ಆಕೆ ಇಂದಿಗೂ ನಂಬಿದ್ದಾಳೆ. ನಾನು ಹೋದಾಗಲೆಲ್ಲ ಓಣಿಯವರನ್ನು ಕರೆದು, "ಇಂವ ಇರದಿದ್ರ ನಮಗ ಯಾರಿದ್ರು? ಕೆಲಸಾ ಕೊಡ್ಸಿದಾಂವ ಇಂವ, ದವಾಖಾನಿಗೆ ಒಯ್ದಾಂವ ಇಂವ" ಎಂದು ಹೇಳಿ ನನ್ನ ತಲೆ ಸವರುತ್ತಾಳೆ. ಪ್ರತಿ ಸಲ ಹೇಳಿಬಿಡಬೇಕೆಂದೇ ಬಸ್ ಹತ್ತುತ್ತೇನೆ. ಆಕೆ ಬಡಿಸಿದ ರೊಟ್ಟಿ ಉಂಡು, ತಲೆ ಬಾಗಿಸಿ, ಹೇಳದೆ ಎದ್ದು ಬರುತ್ತೇನೆ. ಮಾವನ ಕಾಲು ಹಿಡಿದೆ. ಹಲ್ಲು ಉದುರಿದವನನ್ನೂ, ಗರಗಸದವನನ್ನೂ ಹುಡುಕಿ ಹೋಗಿ ಕೈ ಮುಗಿದೆ. ತಪ್ಪಾಯಿತು ಎನ್ನದೆ ಉಳಿಸಿಕೊಂಡಿರುವುದು ಒಬ್ಬಳಿಗೆ, ನನ್ನ ಅಕ್ಕನಿಗೆ.