ಓದದೆ ದಾಟಿಸಿದ ಎಂಟನೆಯ ಕಲಮು

ನಾನು ಅದನ್ನು ಓದಿರಲೇ ಇಲ್ಲ, ಸರೋಜಮ್ಮ. ನಿಮಗೆ ಮರೆತುಹೋಗಿದೆ ಎಂದದ್ದು ಸುಳ್ಳು. ಇಷ್ಟನ್ನು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ತೀರ್ಥಹಳ್ಳಿಯಲ್ಲಿ ಮನೆ ಸಾಲ ಕೊಡುವ ಒಂದು ಸಂಘದ ಗುಮಾಸ್ತ. ನೀವು ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್. ಆ ವರ್ಷ ಸಂಘಕ್ಕೆ ಹೊಸ ನಿಯಮ ಬಂದಿತ್ತು. ಅಡಮಾನ ಪತ್ರಕ್ಕೆ ಸಹಿ ಹಾಕಿಸುವ ಮುನ್ನ ಅದರ ಷರತ್ತುಗಳನ್ನೂ, ಆ ಮನೆಯಲ್ಲಿ ಬೇರೆಯವರಿಗಿರುವ ಹಕ್ಕುಗಳನ್ನೂ ಕೊಳ್ಳುವವರಿಗೆ ಕನ್ನಡದಲ್ಲಿ ಓದಿ ಹೇಳಬೇಕು. 'ಓದಿಸಿ ಕೇಳಿ ತಿಳಿದುಕೊಂಡಿದ್ದೇನೆ' ಎಂದು ಅವರ ಕೈಯಲ್ಲೇ ಬರೆಸಿಕೊಳ್ಳಬೇಕು. ಹಾಗೆ ಓದಿಸಿಕೊಂಡವರಲ್ಲಿ ನೀವೇ ಮೊದಲಿಗರು. ಕುರ್ಚಿಯ ತುದಿಗೆ ಸರಿದು ಕುಳಿತು, ಒಂದೊಂದು ಮಾತಿಗೂ 'ಅಂದ್ರೆ ಎಂತ?' ಎಂದು ಕೇಳುತ್ತಿದ್ದಿರಿ. ನನಗೂ ಅದು ಖುಷಿಯೇ — ಅಡಮಾನ ಪತ್ರದಲ್ಲಿ ಅಷ್ಟು ಕುತೂಹಲ ತೋರಿದವರನ್ನು ನಾನು ಕಂಡಿರಲಿಲ್ಲ.

ಮನೆ ಮಾರುತ್ತಿದ್ದ ಮಂಜಪ್ಪ ನನ್ನ ಗೆಳೆಯ. ಅವನ ಸೋದರತ್ತೆ ಗೌರಮ್ಮನಿಗೆ ಆ ಮನೆಯ ಹಿಂದಿನ ಕೋಣೆಯಲ್ಲಿ ಸಾಯುವವರೆಗೆ ವಾಸಿಸುವ ಹಕ್ಕಿತ್ತು. ಎಂಟನೆಯ ಕಲಮಿನಲ್ಲಿದ್ದದ್ದು ಅದೇ. ಹಿಂದಿನ ದಿನ ಮಂಜಪ್ಪ ಹೇಳಿದ್ದ, "ಅದೊಂದು ಬಿಟ್ಬಿಡು ಮಾರಾಯ. ಅತ್ತೆ ಹುಂಚದಲ್ಲಿ ಮಗಳ ಮನೇಲಿದಾರೆ, ಇನ್ನೆಲ್ಲಿ ಬರ್ತಾರೆ?"

ನಾನು ಏಳರಿಂದ ಒಂಬತ್ತಕ್ಕೆ ಹೋದೆ. ದನಿ ಎಲ್ಲಿಯೂ ತಡವರಿಸಲಿಲ್ಲ. ನೀವು ನಂಬಿ ಸಹಿ ಹಾಕಿದಿರಿ. ಊರಿನ ನಂಬರುಗಳನ್ನೆಲ್ಲ ಬಾಯಲ್ಲೇ ಇಟ್ಟುಕೊಂಡವರು — ಕಿವಿಯಲ್ಲಿ ಕೇಳಿದ್ದನ್ನು ಮತ್ತೆ ಕಣ್ಣಲ್ಲಿ ನೋಡಬೇಕೆಂದು ನಿಮಗೆ ಅನ್ನಿಸಲಿಲ್ಲ.

ಆರು ತಿಂಗಳಿಗೆ, ಮಗಳೊಡನೆ ಮನಸ್ತಾಪವಾಗಿ, ಗೌರಮ್ಮ ಒಂದು ಟ್ರಂಕು ಹಿಡಿದು ಹುಂಚದ ಬಸ್ಸಿನಿಂದ ಇಳಿದರು. ಆ ಕೋಣೆಯಲ್ಲಿ ನಿಮ್ಮ ತಂಗಿ ವಸುಧಾ ಓದಿಕೊಳ್ಳುತ್ತಿದ್ದಳು. ಅವಳ ಪುಸ್ತಕಗಳು ಅಡುಗೆಮನೆಗೆ ಬಂದವು. ಗೌರಮ್ಮನನ್ನು ನೀವು ಹೊರಗೆ ನಿಲ್ಲಿಸಲಿಲ್ಲ.

ಮರುದಿನ ಪತ್ರ ಹಿಡಿದು ಸಂಘಕ್ಕೆ ಬಂದಿರಿ. ಸಿಟ್ಟಿರಲಿಲ್ಲ, ಅಚ್ಚರಿಯಿತ್ತು.

"ರಾಘವೇಂದ್ರಣ್ಣ, ಅವತ್ತು ಇದನ್ನ ಓದಿದ್ರಾ? ನಂಗೆ ಕೇಳಿದ ನೆನಪೇ ಇಲ್ಲ."

ನಿಜ ಹೇಳಿದ್ದರೆ ಕೆಲಸ ಹೋಗುತ್ತಿತ್ತೇನೋ. ಆದರೆ ಆ ಗಳಿಗೆಯಲ್ಲಿ ಅಷ್ಟು ಯೋಚಿಸಿದ್ದೆನೆಂದು ಹೇಳಲಾರೆ. ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ಹೇಗೆ ಎಂದು ನನ್ನನ್ನೇ ಕೆದಕಿ ನೋಡುತ್ತೇನೆ, ಈಗಲೂ —

"ಓದಿದ್ದೆ. ನಿಮ್ಗೆ ಮರ್ತು ಹೋಗಿರ್ಬೇಕು. ನೋಡಿ, ನಿಮ್ಮದೇ ಅಕ್ಷರ."

ನೀವು ಆ ಅಕ್ಷರವನ್ನು ಬಹಳ ಹೊತ್ತು ನೋಡಿದಿರಿ. "ಇರ್ಬಹುದು," ಅಂದಿರಿ.

ಆಮೇಲೆ ಒಂದು ದಿನ ಫೋನ್ ಎತ್ತಿ ಶಿವಮೊಗ್ಗದ ನಂಬರು ಕೇಳಿದೆ. "ಇನ್ನೊಂದ್ಸಲ ಹೇಳಿ, ಬರ್ಕೊಳ್ತೀನಿ," ಅಂದಿರಿ. ಬರೆದುಕೊಂಡು, ನನಗೇ ಓದಿ ಹೇಳಿ, ಸರಿಯೇ ಎಂದು ಕೇಳಿದಿರಿ. ಅದಕ್ಕೂ ಮೊದಲು ನೀವು ಎಂದೂ ಹಾಗೆ ಕೇಳಿದವರಲ್ಲ. ನನಗೆ ಅರ್ಥವಾಯಿತು, ಆದರೂ 'ಸರಿ' ಎಂದಷ್ಟೇ ಹೇಳಿದೆ.

ಗೌರಮ್ಮ ಕೊನೆಯವರೆಗೂ ನಿಮ್ಮಲ್ಲೇ ಇದ್ದರು. ಬಳಿಕ ನೀವು ವರ್ಗವಾಗಿ ಸಾಗರಕ್ಕೆ ಹೋದಿರಿ. ಮಂಜಪ್ಪನೂ ತೀರಿಕೊಂಡ. ನಿಜ ಬಲ್ಲವನು ನಾನೊಬ್ಬನೇ ಉಳಿದೆ — ಅದು ನೆಮ್ಮದಿ ಎಂದುಕೊಂಡಿದ್ದೆ.

ಕಳೆದ ತಿಂಗಳು ಹೊಸನಗರದ ಒಂದು ಮದುವೆಯಲ್ಲಿ ವಸುಧಾ ಸಿಕ್ಕಳು. ನಿಮ್ಮ ಸುದ್ದಿ ಕೇಳಿದೆ. ಅವಳು ನಗುತ್ತಲೇ ಹೇಳಿದಳು: "ಅಕ್ಕಂಗೆ ಮೊದ್ಲಿಂದ ಮರೆವು ಅಲ್ದಾ? ಮನೆ ಪತ್ರದ್ದೇ ಮರ್ತಿದ್ಲಲ್ಲ. ಈಗೂ ಯಾವ್ದಕ್ಕೂ ನನ್ನ ಕೇಳ್ದೆ ಸಹಿ ಹಾಕೋದಿಲ್ಲ."

ಊಟದ ಎಲೆಯ ಮುಂದೆ ಕುಳಿತು, ನಾನೂ ಅವಳೊಡನೆ ನಕ್ಕೆ.

ಸೋಮವಾರ ಸಾಗರಕ್ಕೆ ಬರುತ್ತೇನೆ. ವಸುಧಾಳನ್ನೂ ಕರೆಸಿಕೊಂಡಿರಿ, ಅವಳೆದುರೇ ಹೇಳಬೇಕು. ನನ್ನನ್ನು ಒಳಗೆ ಕರೆಯುವುದು, ಬಿಡುವುದು ನಿಮ್ಮಿಷ್ಟ. ಕರೆಯದಿದ್ದರೆ ಬಾಗಿಲಲ್ಲೇ ನಿಂತು ಹೇಳಿ ಹೋಗುತ್ತೇನೆ.