ಬ್ರಿಗಾ ಅಲ್ಲ, ದೆಜಕೋರ್ದು

ಮೊಜಾಂಬಿಕ್‌ನ ಈ ಹಳ್ಳಿಯಲ್ಲಿ ಬೋರ್ ಯಾರ ಹೊಲದಲ್ಲಿ ಕೊರೆಯಬೇಕೆಂದು ಅಣ್ಣತಮ್ಮಂದಿರಿಬ್ಬರು ಬೆಳಿಗ್ಗೆಯಿಂದ ಕೂಗಾಡುತ್ತಿದ್ದರು. ನಮ್ಮ ಎಂಜಿನಿಯರ್ ಸಾಹೇಬರಿಗೆ ಸಾಕಾಯಿತು. "ಕಾಕಾ, ಮಶೀನ್ ಕಟ್ರಿ, ಮುಂದಿನ ಊರಿಗೆ ಹೋಗೂಣು."

ಪೋರ್ಚುಗೀಸ್‌ನಲ್ಲಿ ನಾನು ಊಟ, ನೀರಿಗಿಂತ ಮೊದಲು ಕಲಿತದ್ದು ಜಗಳದ ಮಾತುಗಳನ್ನೇ: ಇಂಗ್ಲಿಷಿನ ಫೈಟ್‌ಗೆ ಬ್ರಿಗಾ, ಕಾನ್‌ಫ್ಲಿಕ್ಟ್‌ಗೆ ಕೊನ್‌ಫ್ಲಿತು, ಡಿಸ್‌ಅಗ್ರಿಮೆಂಟ್‌ಗೆ ದೆಜಕೋರ್ದು. ಬೋರ್ ಕೊರೆಯುವವನಿಗೆ ಯಾವ ದೇಶದಲ್ಲೂ ಮೊದಲು ಬೇಕಾಗುವವು ಇವೇ.

"ಯಾರೂ ಕೈ ಎತ್ತಿಲ್ಲಲ್ರಿ ಸಾಹೇಬ್ರ. ಇದು ಬ್ರಿಗಾ ಅಲ್ಲ, ಬರೇ ದೆಜಕೋರ್ದು. ತಡೀರಿ."

ನಮ್ಮ ಸಿಂದಗಿ ಕಡೆ ಮಾಡುವಂತೆ ತೆಂಗಿನಕಾಯಿ ಒಡೆದು, ಇಬ್ಬರಿಗೂ ಒಂದೊಂದು ಹೋಳು ಕೊಟ್ಟು, ಎರಡೂ ಹೊಲಗಳ ನಡುವಿನ ಬದುವಿನ ಮೇಲೆ ನಿಲ್ಲಿಸಿದೆ. ಕಾಯಿ ತಿನ್ನುತ್ತ ಇಬ್ಬರೂ ಬೋರಿಗೆ ಅದೇ ಜಾಗ ಆಗಲೆಂದು ಒಪ್ಪಿ ತಲೆಯಾಡಿಸಿದರು.

ಸಾಹೇಬರು ನನ್ನನ್ನೇ ನೋಡಿದರು. "ಕಾಕಾ, ಸಾಲಿ ಎಲ್ಲಿತನಕ ಕಲ್ತೀರಿ?"

"ಐದನೇತ್ತಕ್ಕ ಬಿಟ್ಟೇನ್ರಿ. ಮಶೀನ್ ಚಾಲೂ ಮಾಡ್ಲೇನು?"