ಎರಡು ಸಾಲಿನ ಹೆಂಗಸು, ಎಂಟು ಭಾಗದ ಧಾರಾವಾಹಿ

ಕಳೆದ ಮಂಗಳವಾರ ಬೆಳಿಗ್ಗೆ ಹನ್ನೊಂದು ಕಾಲಿಗೆ ನಾನು ಇಳಕಲ್ಲಿನಲ್ಲಿ, ಶರಣವ್ವ ಕಾಕಿಯ ಮನೆಯ ಬಾಗಿಲಲ್ಲಿ, ಒಂದು ಕಾಲು ಹೊಸ್ತಿಲ ಒಳಗೆ, ಇನ್ನೊಂದು ಹೊರಗೆ ಇಟ್ಟುಕೊಂಡು ನಿಂತಿದ್ದೆ. ಪೂರ್ತಿ ಒಳಗೆ ಹೋದರೆ ಶರಣವ್ವ ಕಾಕಿಯ ಪಕ್ಷದವನಾಗುತ್ತಿದ್ದೆ. ಹೊರಗೇ ಉಳಿದರೆ, ಪಕ್ಕದ ಬಾಗಿಲಲ್ಲಿ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದ ಬಸವ್ವ ಕಾಕಿಯ ಪಕ್ಷ. ಬಸವ್ವ ಶರಣವ್ವನ ಮೈದುನನ ಹೆಂಡತಿ. ಇಬ್ಬರೂ ನನ್ನನ್ನು ಸಾಕ್ಷಿ ಹೇಳಲು ಕರೆಸಿದ್ದರು.

ವ್ಯಾಜ್ಯದ ಮೂಲ ಒಂದು ಹಳೆಯ ಕಾದಂಬರಿ. ಅದನ್ನು ಬರೆದವರು ನಾನು ಕಾಲೇಜಿನಲ್ಲಿದ್ದಾಗ ನಮ್ಮ ಓಣಿಗೆ ಬಂದು ಎರಡು ವಾರ ಇದ್ದರು. ಮಗ್ಗದ ಮನೆಗಳನ್ನು ತೋರಿಸಲು ಅವರನ್ನು ಕರೆದುಕೊಂಡು ತಿರುಗಿದವನು ನಾನು. ಆಮೇಲೆ ಬಂದ ಪುಸ್ತಕದಲ್ಲಿ ಒಂದು ಪುಟವಿದೆ. ಎಲ್ಲ ಕಳೆದುಕೊಂಡ ನಾಯಕ ನೇಕಾರರ ಮನೆಯೊಂದರ ಮುಂದೆ ನಿಲ್ಲುತ್ತಾನೆ. ಒಳಗೆ ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಿದ್ದ ಹೆಂಗಸು ತಲೆ ಎತ್ತದೆ, "ನೀರು ಕುಡಿದು ಹೋಗ್ರಿ" ಎನ್ನುತ್ತಾಳೆ. ಅವನು ಕುಡಿದು ಹೋಗುತ್ತಾನೆ. ಅವಳ ಪಾಲಿಗೆ ಬಂದದ್ದು ಎರಡೇ ಸಾಲು. ಹೆಸರೂ ಇಲ್ಲ.

ಆ ಹೆಂಗಸು ಶರಣವ್ವ ಕಾಕಿಯೇ ಎಂದು ನಮ್ಮ ಓಣಿ ಅಂದಿನಿಂದ ನಂಬಿಕೊಂಡು ಬಂದಿದೆ. ಮೂವತ್ತು ವರ್ಷ ಕನ್ನಡ ಮಾಸ್ತರನಾಗಿದ್ದ ನಾನು ಆ ಪುಟ ಬಂದಾಗಲೆಲ್ಲ ಪುಸ್ತಕ ಮುಚ್ಚಿ, "ಇದನ್ನು ನಾನು ಕಣ್ಣಾರೆ ಕಂಡವನು" ಎಂದು ತರಗತಿಯಲ್ಲಿ ಗಂಟಲು ಸರಿ ಮಾಡಿಕೊಳ್ಳುತ್ತಿದ್ದೆ.

ಈಗ ಆ ಹೆಂಗಸಿನ ಮೇಲೆ ಎಂಟು ಭಾಗದ ಧಾರಾವಾಹಿ ಬಂದಿದೆ. ಮೊಬೈಲಿನಲ್ಲಿ ನೋಡಬಹುದು. ಅದರಲ್ಲಿ ಅವಳಿಗೆ ಹೆಸರಿದೆ, ಬಾಲ್ಯವಿದೆ, ನಾಯಕನ ಜೊತೆ ಹಳೆಯ ಪ್ರೇಮವಿದೆ. ಅವನು ನೀರು ಕುಡಿದು ಹೊರಟಾಗ ಅವಳು ಕೊಂಡಿ ಅರ್ಧಕ್ಕೆ ಬಿಟ್ಟು, ಅಳುತ್ತ ಬಸ್ ಸ್ಟ್ಯಾಂಡಿನವರೆಗೆ ಓಡುತ್ತಾಳೆ. ಇದನ್ನು ನೋಡಿ ನಾನು ಒಪ್ಪಿದೆನೋ ಸಿಟ್ಟಾದೆನೋ ನನಗೇ ತಿಳಿಯಲಿಲ್ಲ. ಬಾದಾಮಿಯ ಗುಹೆಗಳಲ್ಲಿ ದೊಡ್ಡ ದೇವರ ಕಾಲ ಕೆಳಗೆ, ಜಗಲಿಯುದ್ದಕ್ಕೂ ಡೊಳ್ಳುಹೊಟ್ಟೆಯ ಗಣಗಳ ಸಾಲಿದೆ. ಒಬ್ಬನ ಮುಖ ಇನ್ನೊಬ್ಬನಿಗಿಲ್ಲ. ಒಬ್ಬ ಕುಣಿಯುತ್ತಾನೆ, ಒಬ್ಬ ಹಲ್ಲು ಕಿರಿಯುತ್ತಾನೆ. ಅಲ್ಲಿಗೆ ಹೋದಾಗಲೆಲ್ಲ ನಾನು ದೇವರಿಗಿಂತ ಹೆಚ್ಚು ಹೊತ್ತು ಅವರನ್ನೇ ನೋಡಿದ್ದೇನೆ. ಇವನು ಯಾವ ಊರವನು, ಮನೆಯಲ್ಲಿ ಏನು ತಾಪತ್ರಯ ಎಂದು ಯೋಚಿಸಿದ್ದೇನೆ. ಹಾಗಿದ್ದ ಮೇಲೆ ಧಾರಾವಾಹಿಯವರನ್ನು ಬೈಯುವ ಹಕ್ಕು ನನಗಿಲ್ಲ. ಆದರೂ ಆ ಗಣಗಳಲ್ಲಿ ಒಬ್ಬನು ಎದ್ದು ಬಂದು ತನ್ನ ಕತೆ ಶುರು ಮಾಡಿದರೆ, ಪಕ್ಕದಲ್ಲಿ ಕೂತವನು ಏನು ಮಾಡಬೇಕು?

ಬಸವ್ವ ಕಾಕಿ ಮಾಡಿದ್ದು ಇಷ್ಟು: ಎದ್ದು ತನ್ನ ಮನೆಗೆ ಹೋದಳು. ಶರಣವ್ವ ಕಾಕಿಯ ಮನೆಯಲ್ಲಿ ಕೊಂಡಿ ಇಬ್ಬರು ಎದುರುಬದುರು ಕೂತು ಹಾಕುವ ಕೆಲಸ. ಸೊಸೆಯರಾಗಿ ಬಂದಂದಿನಿಂದ ಇವರಿಬ್ಬರೇ ಕೂತಿದ್ದಾರೆ. ಧಾರಾವಾಹಿಯಲ್ಲಿ ಮಾತ್ರ ಒಬ್ಬಳೇ ಇದ್ದಾಳೆ.

"ಎಂಟೂ ಭಾಗ ನೋಡಿನೋ ಈರಣ್ಣ," ಎಂದಳು ಬಸವ್ವ ಕಾಕಿ. "ನಾ ಇಲ್ಲ ಹೋಗ್ಲಿ, ನಾ ಕುಂದ್ರೂ ಮಣಿ ಸುದ್ದಾ ಇಲ್ಲ. ನೀರ ಕುಡದ ಹೋಗ್ರಿ ಅಂದಾಕಿ ಖರೆ ಅಂದ್ರ ನಾ."

ಒಳಗಿನಿಂದ ಶರಣವ್ವ ಕಾಕಿ: "ಇಷ್ಟ ವರ್ಷ ಬಾಯಾಗ ಏನ್ ಇಟ್ಕೊಂಡಿದ್ದೆ ಯವ್ವಾ?"

"ಅವಾಗ ಒಂದ ಮಾತಿತ್ತು, ಹೋಗ್ಲಿ ಅಂತ ಬಿಟ್ಟುಕೊಟ್ಟೆ. ಈಗ ಎಂಟ ಭಾಗ ಆಗೇತಿ!"

ಮಗ್ಗ ನಿಂತು ಮೂರು ದಿನವಾಗಿತ್ತು. ಅರ್ಧ ಸೆರಗು ಕೂಡಿಸಿದ ಎಳೆಗಳ ಮೇಲೆ ಶರಣವ್ವ ಕಾಕಿ ಬಿಳಿ ಬಟ್ಟೆ ಹೊದಿಸಿದ್ದಳು. ಸೊಸೆ ಕೂರುತ್ತೇನೆಂದರೂ ಬೇಡವೆಂದಿದ್ದಳಂತೆ. ನನ್ನನ್ನು ಹತ್ತಿರ ಕರೆದು, ದನಿ ತಗ್ಗಿಸಿ, "ಆಕೀ ಕೈ ಇಲ್ಲಂದ್ರ ನನ್ನ ಕೈ ನಡ್ಯಾಂಗಿಲ್ಲೋ. ನೀ ಏನರ ಹೇಳು, ಆಕಿ ಬಂದ ಕುಂದ್ರಬೇಕು" ಎಂದಳು. ಎರಡು ಸಾಲಿನ ಮಾತು ಯಾರದೆಂಬುದಕ್ಕಿಂತ ದೊಡ್ಡ ಹೊಣೆ ನನ್ನ ನಾಲಿಗೆಯ ಮೇಲೆ ಬಂದು ಕೂತಿತು.

ಸುಳ್ಳು ಹೇಳುವುದು ಬೇಡ, ಕಂಡದ್ದನ್ನೇ ಹೇಳೋಣ ಎಂದುಕೊಂಡು ಕಣ್ಣು ಮುಚ್ಚಿದೆ. "ಹಸಿರು ಬಳೆಯ ಕೈ ಮುಂದೆ ಬಂತು. ಕೈಯಲ್ಲಿ ಹಿತ್ತಾಳೆ ಲೋಟ..."

"ಯಾವ ಬಳಿ?" ಎಂದಳು ಬಸವ್ವ ಕಾಕಿ. "ಕೊಂಡಿಗೆ ಕುಂತಾಗ ಬಳಿ ಮ್ಯಾಲ ಸರಿಸಿ ಬಟ್ಟಿ ಸುತ್ತತಿದ್ವಿ. ಎಳಿ ಸಿಕ್ಕೊಂಡ್ರ ಅತ್ತಿ ಬಿಡತಿದ್ಲೇನು? ಆ ಹಸಿರ ಬಳಿ ಧಾರಾವಾಹಿ ಹುಡುಗೀದೋ!"

ನಿಜ. ನಾನು ಕಣ್ಣಾರೆ ಕಂಡದ್ದು ಧಾರಾವಾಹಿಯ ಮೂರನೆಯ ಭಾಗವನ್ನು. ಅದರ ಕೆಳಗೆ ಪುಸ್ತಕದ ಪುಟವಿತ್ತು, ಅದರ ಕೆಳಗೆ ನಾನೇ ತರಗತಿಯಲ್ಲಿ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಬೆಳೆಸಿದ ಕತೆಯಿತ್ತು. ಎಲ್ಲದರ ತಳದಲ್ಲಿ ಆ ದಿನ ಉಳಿದಿದೆಯೋ ಇಲ್ಲವೋ.

ನಿಧಾನವಾಗಿ, ಖಚಿತವಾದವುಗಳನ್ನಷ್ಟೇ ಆರಿಸತೊಡಗಿದೆ. ಆ ದಿನ ನನ್ನ ಎಡ ಭುಜ ಬಾಗಿಲ ಚೌಕಟ್ಟಿಗೆ ಒರಗಿತ್ತು. ಒಳಗೆ ಇಬ್ಬರು ಕೂತಿದ್ದರು, ಇಬ್ಬರ ಬೆರಳುಗಳಲ್ಲೂ ಎಳೆಗಳಿದ್ದವು. ಒಬ್ಬರು ಎದ್ದರೂ ಕೂಡಿಸಿದ್ದು ಜಾರಿಹೋಗುತ್ತದೆ. ಅಂದಮೇಲೆ ಯಾರೂ ಎದ್ದಿರಲಾರರು. ಕೊಡ ನನ್ನ ಬಲಗಡೆ ಇತ್ತು. ಅಂಗಿಯ ತೋಳು ಮೊಣಕೈವರೆಗೆ ನೆನೆದಿತ್ತು.

"ಕಾಕಿ, ಕೊಡದಾಗ ಲೋಟ ಅದ್ದಿದಾವ, ಕತಿ ಬರದವರ ಕೈಗೆ ನೀರ ಕೊಟ್ಟಾವ ನಾನ."

ಮೊದಲು ನಕ್ಕವಳು ಬಸವ್ವ ಕಾಕಿ. "ಯವ್ವಾ ಅಕ್ಕಾ, ಕೇಳಿದೇನ? ಅಂಥಾ ಹಸಿರ ಬಳಿ ಹಾಕ್ಕೊಂಡಾಕಿ ಈ ಬಕ್ಕತಲಿ ಮಾಸ್ತರಂತ!"

"ಹಂಗಾರ ಬಸ್ ಸ್ಟ್ಯಾಂಡಿಗೆ ಅಳಕೋತ ಓಡಿದಾಕಿ ಯಾರ?" ಎಂದಳು ಶರಣವ್ವ ಕಾಕಿ. "ಮಾತ ನಂದು ಅಂದೆಲ್ಲಾ ಬಸವ್ವ, ತಗೋ, ನಿಂದ ಇರ್ಲಿ. ಓಡಿದ್ದೂ ನಿಂದ."

"ಥೂ, ಗಂಡನ ಮನ್ಯಾಗ ಇದ್ದಾಕಿ ನಾ ಯಾಕ ಓಡ್ಲಿ? ನೀನ ಇಟ್ಕೋ!"

ಹೀಗೆ ಒಬ್ಬಳ ಮಡಿಲಿಗೆ ಇನ್ನೊಬ್ಬಳು ಆ ಹೆಂಗಸನ್ನು ಎಸೆಯುತ್ತಲೇ, ಬಸವ್ವ ಕಾಕಿ ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದಳು, ಬಿಳಿ ಬಟ್ಟೆ ತೆಗೆದಳು, ತನ್ನ ಮಣೆ ಎಳೆದುಕೊಂಡು ಕೂತಳು.

ನೀರು ಕೊಟ್ಟ ಆ ದಿನ ಆ ಪಡಸಾಲೆಯಲ್ಲಿ ನಾಲ್ವರಿದ್ದೆವು. ಬರೆದವರು ತೀರಿಕೊಂಡು ಬಹಳ ಕಾಲವಾಯಿತು. ಇನ್ನೂ ಇರುವವರು ಶರಣವ್ವ ಕಾಕಿ, ಬಸವ್ವ ಕಾಕಿ ಮತ್ತು ನಾನು. ನನ್ನ ಸಾಕ್ಷಿಯನ್ನು ಇನ್ನು ಮುಂದೆ ಯಾರೂ ನಂಬಬೇಕಾಗಿಲ್ಲ. ಆ ಮಾತು ಆಡಿದವಳು ಯಾರೆಂದು ಕೇಳಿದರೆ, ಉಳಿದಿಬ್ಬರೂ ಈಗ ತಡವರಿಸದೆ ಎದುರಿಗೆ ಕೂತವಳತ್ತ ಬೆರಳು ತೋರಿಸುತ್ತಾರೆ.